ಕೇಳೋರು ಹತ್ತೇ ಜನ ಆದ್ರೂ ಮಾತಾಡ್ಲಿ ಬಿಡಿ

ಪಾಡ್‌ಕಾಸ್ಟ್ ಅಂದ ತಕ್ಷಣ ಇದೇನೋ ನಮಗಲ್ಲದ್ದು ಅಂತ ಮುಂದಕ್ಕೆ ಹೋಗ್ಬೇಡಿ. ರೇಡಿಯೋದಲ್ಲಿ ಮಾತುಕತೆ ಬರ್ತಿತ್ತಲ್ಲ, ಹಾಗೇನೇ ಇದೂನೂ. ರೇಡಿಯೋ ಆದ್ರೆ ಅವರು ಹೇಳಿದ ಹೊತ್ತಿಗೆ ನಾವು ಕೂತು ಕೇಳ್ಬೇಕಿತ್ತು. ಇದನ್ನ ಸೊಪ್ಪು ಬಿಡಿಸುವಾಗಲೋ, ಒಣಗಿದ ಬಟ್ಟೆ ಮಡಿಚುವಾಗಲೋ, ನಮಗೆ ಪುರುಸೊತ್ತಾದಾಗ ಫೋನಲ್ಲಿ ಹಾಕ್ಕೊಂಡು ಕೇಳಬಹುದು. ಅರ್ಧ ಕೇಳಿ ನಿಲ್ಲಿಸಿ, ಬಾಗಿಲು ತೆಗೆದು ಹಾಲಿನವನಿಗೆ ದುಡ್ಡು ಕೊಟ್ಟು ಬಂದು ಮಿಕ್ಕರ್ಧ ಕೇಳಬಹುದು. ಕನ್ನಡದಲ್ಲೂ ಈಗ ಚೆನ್ನಾಗಿರೋವು ಇವೆ. ‘ತಲೆ-ಹರಟೆ’ ಅನ್ನೋದನ್ನ ನಿಮ್ಮಲ್ಲಿ ಕೆಲವರು ಕೇಳೇ ಇರ್ತೀರಿ.

ಆದರೆ ನಾನಿವತ್ತು ಹೇಳೋಕೆ ಹೊರಟಿರೋದು, ಕೇಳಿದ ತಕ್ಷಣ ನಗು ಬರೋ ಅಂಥ ಒಂದು ಜಾತಿ ಪಾಡ್‌ಕಾಸ್ಟ್ ಬಗ್ಗೆ. ಅಂಗಡೀಲಿ ಸಿಗದೇ ಇರೋ, ಮಾಡೋರೇ ಮಾಡೋದು ನಿಲ್ಲಿಸಿರೋ ಯಂತ್ರಗಳ ಬಗ್ಗೆ ಕೂತು ಮಾತಾಡೋದು. ಈಗಿನ ಫೋನುಗಳು ಬರೋಕ್ಕೆ ಮುಂಚೆ ಅಂಗೈಯಗಲದ ಕಂಪ್ಯೂಟರ್ ಅಂತ ಒಂದಿತ್ತು. ಒಂದು ಪುಟ್ಟ ಕಡ್ಡಿ ಇಟ್ಕೊಂಡು ಗಾಜಿನ ಮೇಲೆ ಬರೀತಿದ್ರು. ನಮ್ಮ ಮೈದುನನ ಹತ್ರ ಅಂಥವು ನಾಲ್ಕಿವೆ. ಅವನೂ ಅವನ ಇಬ್ಬರು ಸ್ನೇಹಿತರೂ ಹದಿನೈದು ದಿನಕ್ಕೊಂದು ಸಲ ಮಹಡಿ ರೂಮಲ್ಲಿ ಕೂತು ಅವುಗಳ ಬಗ್ಗೆ ಒಂದು ಗಂಟೆ ಮಾತಾಡಿ ರೆಕಾರ್ಡ್ ಮಾಡ್ತಾರೆ. ಕೇಳೋರು ಎಷ್ಟು ಜನ ಅಂದ್ರೆ ಒಂದು ಮನೆ ಸತ್ಯನಾರಾಯಣ ಪೂಜೆಗೆ ಸೇರೋ ಅಷ್ಟೂ ಇಲ್ಲ.

ನಮ್ಮ ಬಳಗದಲ್ಲಿ ಇದರ ಬಗ್ಗೆ ಮಾತು ಬಂದಾಗಲೆಲ್ಲ ಮೂರೇ ಪ್ರಶ್ನೆ. ದುಡ್ಡು ಬರುತ್ತಾ? ಯಾರು ಕೇಳ್ತಾರೆ? ಸತ್ತ ಯಂತ್ರಕ್ಕೆ ಯಾಕೆ ಇಷ್ಟು ತಿಥಿ? ಪ್ರಶ್ನೆಗಳು ತಪ್ಪಲ್ಲ. ಆದ್ರೂ ಅವರು ಮಾತಾಡ್ಲಿ, ಮಾತಾಡ್ಬೇಕು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ. ಜೊತೆಗೆ ಅವರಿಗೆ ನನ್ನದೂ ಕೆಲವು ಷರತ್ತುಗಳಿವೆ, ಅದನ್ನೂ ಹೇಳ್ತೀನಿ.

ಮೊದಲು ನಮ್ಮೂರ ಕಡೆಯದೇ ಒಂದು ಯಂತ್ರದ ಕಥೆ ಕೇಳಿ. ಅದರ ಹೆಸರು ಸಿಂಪ್ಯೂಟರ್. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಅಂತೀವಲ್ಲ, ಭಾರತೀಯ ವಿಜ್ಞಾನ ಸಂಸ್ಥೆ, ಅಲ್ಲಿನ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅನ್ನೋ ನಾಲ್ವರು ಮೇಷ್ಟ್ರುಗಳೂ ಎನ್‌ಕೋರ್ ಅನ್ನೋ ಬೆಂಗಳೂರಿನ ಕಂಪನಿಯವರೂ ಸೇರಿ ಮಾಡಿದ್ದು. 2001ರ ಏಪ್ರಿಲ್‌ನಲ್ಲಿ ಅದನ್ನ ಜನಕ್ಕೆ ತೋರಿಸಿದ್ರು. ಓದು ಬರಹ ಬರದೇ ಇರೋರೂ ಬಳಸೋ ಹಾಗಿರಬೇಕು, ನಮ್ಮ ಭಾಷೇಲಿ ಮಾತಾಡ್ಬೇಕು, ಬೆಲೆ ಒಂಬತ್ತು ಸಾವಿರದೊಳಗೆ ಇರ್ಬೇಕು ಅನ್ನೋದು ಅವರ ಆಸೆ. ಅಷ್ಟೂ ದುಡ್ಡು ಹಳ್ಳಿಯವರ ಕೈಲಿ ಎಲ್ಲಿರುತ್ತೆ? ಅದಕ್ಕೇ ಒಂದು ಉಪಾಯ ಮಾಡಿದ್ರು. ಯಂತ್ರ ಊರಿಗೆಲ್ಲ ಒಂದು. ಪ್ರತಿಯೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡ್. ಅವರ ವಿವರ ಅವರವರ ಕಾರ್ಡಲ್ಲಿ. ಕಾರ್ಡ್ ಹಾಕಿದ್ರೆ ಯಂತ್ರ ಆ ಹೊತ್ತಿಗೆ ನಿಮ್ಮದು, ತೆಗೆದ್ರೆ ಪಕ್ಕದ ಮನೆಯವರದ್ದು. ರೇಷನ್ ಕಾರ್ಡ್ ಹಿಡ್ಕೊಂಡು ಒಂದೇ ತಕ್ಕಡಿ ಮುಂದೆ ನಿಂತ್ಕೋತಿದ್ವಲ್ಲ, ಹಾಗೆ.

ಆ ವರ್ಷದ ಕೊನೇಲಿ ನ್ಯೂಯಾರ್ಕ್ ಟೈಮ್ಸ್‌ನವರ ವಾರದ ಪತ್ರಿಕೇಲಿ ಬ್ರೂಸ್ ಸ್ಟರ್ಲಿಂಗ್ ಅನ್ನೋ ಲೇಖಕರು ಇದನ್ನ ಹೊಗಳಿ ಬರೆದ್ರು. ನಮ್ಮ ರಾಜ್ಯ ಸರ್ಕಾರ ಜಮೀನಿನ ದಾಖಲೆ ಕೆಲಸಕ್ಕೆ ಇದನ್ನ ಬಳಸಿ ನೋಡ್ತು. 2004ರ ಮಾರ್ಚಲ್ಲಿ ‘ಅಮಿಡ’ ಅನ್ನೋ ಹೆಸರಲ್ಲಿ ಮಾರಾಟಕ್ಕೂ ಬಂತು. ತಯಾರಿಸಿದ್ದು ನಮ್ಮ ಬಿಇಎಲ್‌ನವರು. ಬೆಲೆ ಸುಮಾರು ಹತ್ತು ಸಾವಿರದಿಂದ ಶುರು. ಕೈಯಲ್ಲಿ ಹಿಡಿದು ಸ್ವಲ್ಪ ಓರೆ ಮಾಡಿದ್ರೆ ಪುಟ ತಾನೇ ತಿರುಗ್ತಿತ್ತು. ಈಗ ಮೊಮ್ಮಕ್ಕಳು ಫೋನ್ ಅಡ್ಡ ಮಾಡಿದ ತಕ್ಷಣ ಚಿತ್ರ ಅಡ್ಡ ಆಗುತ್ತಲ್ಲ, ಆ ಥರದ್ದು ಐಫೋನ್ ಬರೋಕ್ಕೆ ಮೂರು ವರ್ಷ ಮುಂಚೆ ಬೆಂಗಳೂರಲ್ಲಿ ಮಾಡಿದ ಯಂತ್ರದಲ್ಲಿತ್ತು.

ಆದ್ರೆ ನಡೀಲಿಲ್ಲ. ವರ್ಷಕ್ಕೆ ಐವತ್ತು ಸಾವಿರ ಹೋಗುತ್ತೆ ಅಂತ ಲೆಕ್ಕ ಹಾಕಿದ್ದು, 2005ರ ಹೊತ್ತಿಗೆ ಒಟ್ಟು ಸುಮಾರು 4,000ಕ್ಕೆ ನಿಂತುಬಿಡ್ತು. ಯಾಕೆ ಅನ್ನೋದು ನಮಗೆ ಗೊತ್ತಿರೋದೇ. 2003ರಲ್ಲಿ ರಿಲಯನ್ಸ್‌ನವರು 501 ರೂಪಾಯಿಗೆ ಫೋನ್ ಅಂತ ಶುರು ಮಾಡಿದ್ದು ನೆನಪಿದೆಯಲ್ಲ? ಮಾತಾಡೋ ಯಂತ್ರ ಅಷ್ಟಕ್ಕೇ ಕೈಗೆ ಬರುವಾಗ, ಬರೆಯೋ ಯಂತ್ರಕ್ಕೆ ಹತ್ತು ಸಾವಿರ ಯಾರು ಕೊಡ್ತಾರೆ? ಬೇರೆ ದೇಶದ ಯಂತ್ರಗಳ ಹಣೆಬರಹವೂ ಹೆಚ್ಚು ಕಡಿಮೆ ಇದೇ. ಅಮೆರಿಕದ ಪಾಮ್ 1996ರಲ್ಲಿ ಬಂತು, ಅಂಗೈ ಕಂಪ್ಯೂಟರ್ ಅಂದ್ರೆ ಅದೇ ಅನ್ನೋ ಹಾಗೆ ಮೆರೀತು. 2010ರಲ್ಲಿ ಎಚ್‌ಪಿ ಕಂಪನಿ ಅದನ್ನ ಕೊಂಡ್ಕೊಂಡು, ಮಾರನೇ ವರ್ಷವೇ ಯಂತ್ರ ಮಾಡೋದನ್ನ ನಿಲ್ಲಿಸಿಬಿಡ್ತು. ಬ್ಲ್ಯಾಕ್‌ಬೆರಿಯ ಹಳೇ ಫೋನುಗಳಿಗೆ 2022ರ ಜನವರಿ 4ರಂದು ಸೇವೆ ನಿಂತ್ಹೋಯ್ತು. ಪಾಡ್‌ಕಾಸ್ಟ್ ಅನ್ನೋ ಹೆಸರು ಬಂದದ್ದೇ ಐಪಾಡ್ ಅನ್ನೋ ಹಾಡು ಕೇಳೋ ಡಬ್ಬಿಯಿಂದ. ಆ ಐಪಾಡ್‌ನೂ 2022ರಲ್ಲಿ ನಿಲ್ಲಿಸಿದ್ರು. ಹೆಸರು ಮಾತ್ರ ಉಳ್ಕೊಂಡಿದೆ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಕಂಪನಿಯವರು ಯಂತ್ರ ನಿಲ್ಲಿಸಿದ್ರು ಅಂತ ಯಂತ್ರದೊಳಗೆ ನಾವು ಇಟ್ಟದ್ದು ನಿಂತ್ಹೋಗುತ್ತಾ? ಇಲ್ಲ. ಅದು ಅಲ್ಲೇ ಇರುತ್ತೆ. ತೆಗೆಯೋ ದಾರಿ ಮಾತ್ರ ಒಂದೊಂದಾಗಿ ಮುಚ್ಚಿ ಹೋಗುತ್ತೆ. ದುರಸ್ತಿ ಮಾಡೋರು ಅಂಗಡಿ ಮುಚ್ತಾರೆ, ವೈರು ಸಿಗಲ್ಲ, ಹೊಸ ಕಂಪ್ಯೂಟರು ಆ ಹಳೇ ಯಂತ್ರವನ್ನ ಗುರುತೇ ಹಿಡಿಯಲ್ಲ. ಆಗ ಉಳಿಯೋದು ಬಳಸಿ ಅಭ್ಯಾಸ ಇರೋರ ಬಾಯಿಮಾತು ಒಂದೇ.

ಇದು ನಮ್ಮ ಓರಗಿತ್ತಿಯ ತವರುಮನೇಲಿ ನಡೆದದ್ದು. ಅವಳ ಅಮ್ಮನಿಗೆ ಮಗ ಅಮೆರಿಕದಿಂದ ಬರುವಾಗ ಅಂಥದ್ದೊಂದು ಯಂತ್ರ ತಂದ್ಕೊಟ್ಟಿದ್ದ. ಎಲ್ಲರೂ ಅದು ಬೀರು ಸೇರುತ್ತೆ ಅಂದ್ಕೊಂಡಿದ್ರು. ಅವರು ನೋಡಿದ್ರೆ ಇಪ್ಪತ್ತು ವರ್ಷ ಬಿಡದೆ ಬಳಸಿದ್ರು. ಅದರಲ್ಲಿ ಕನ್ನಡ ಅಕ್ಷರ ಬರ್ತಿರ್ಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರ್ಕೋತಿದ್ರು. ಹುಳಿಪುಡಿ ಅಳತೆ, ಮೇಲುಕೋಟೆ ಪುಳಿಯೋಗರೆ ಗೊಜ್ಜಿನ ಅಳತೆ, ಯಾರ ಮನೆ ಮದುವೇಲಿ ಯಾರು ಎಷ್ಟು ಮುಯ್ಯಿ ಓದಿಸಿದ್ರು, ಯಾರಿಗೆ ನಾವು ತಿರುಗಿ ಮಾಡೋದಿದೆ, ಮನೆಯವರ ತಿಥಿ ನಕ್ಷತ್ರ, ಅಡುಗೆಯವರಿಗೆ ಕೊಟ್ಟ ಮುಂಗಡ, ಎಲ್ಲಾನೂ. ಅವರು ತೀರಿಕೊಂಡ ಮೇಲೆ ಯಂತ್ರ ಮಗಳ ಕೈಗೆ ಬಂತು.

ಆ ಕಾಲದ ಎಷ್ಟೋ ಅಂಗೈ ಕಂಪ್ಯೂಟರ್‌ಗಳಲ್ಲಿ ಒಂದು ಗುಣ ಇತ್ತು. ಬ್ಯಾಟರಿಯಲ್ಲಿ ಶಕ್ತಿ ಇರೋ ತನಕ ಮಾತ್ರ ನೆನಪು. ಪೂರ್ತಿ ಇಳಿದ್ರೆ ಒಳಗೆ ಬರೆದಿಟ್ಟದ್ದೆಲ್ಲ ಅಳಿಸಿ ಹೋಗುತ್ತೆ. ಪೆನ್ಸಿಲ್ ಸೆಲ್ ಹಾಕೋ ಯಂತ್ರಗಳಲ್ಲಂತೂ ಹಳೇದು ತೆಗೆದು ಒಂದು ನಿಮಿಷದೊಳಗೆ ಹೊಸದು ಹಾಕ್ಬೇಕಿತ್ತು. ನಮ್ಮ ಓರಗಿತ್ತಿ ಕೈಗೆ ಬಂದದ್ದು ಚಾರ್ಜ್ ಮಾಡೋದು. ಬ್ಯಾಟರಿಗೆ ವಯಸ್ಸಾಗಿ ಬೆಳಿಗ್ಗೆ ತುಂಬಿಸಿದ್ರೆ ರಾತ್ರಿಗೆ ಖಾಲಿ. ಅವಳು ಒಂದೂವರೆ ತಿಂಗಳು ಅದನ್ನ ಬಾಣಂತಿ ಮಗು ನೋಡ್ಕೊಂಡ ಹಾಗೆ ಎದ್ದೆದ್ದು ಚಾರ್ಜ್‌ಗೆ ಹಾಕಿದ್ಲು. ಕರೆಂಟ್ ಹೋದ್ರೆ ಅವಳಿಗೆ ಎದೆ ಧಸಕ್ ಅನ್ನೋದು. ಊರಲ್ಲಿ ಎರಡು ಅಂಗಡಿ ಸುತ್ತಿದ್ಲು. ಇದೆಲ್ಲ ಈಗ ಆಗಲ್ಲ ಮೇಡಂ, ಬಿಸಾಕಿ ಅಂದ್ರು.

ದಾರಿ ಸಿಕ್ಕಿದ್ದು ಇಂಥದ್ದೇ ಒಂದು ಪಾಡ್‌ಕಾಸ್ಟಲ್ಲಿ. ನಮ್ಮ ಮೈದುನ ಹಳೇದೊಂದನ್ನ ಕೇಳುವಾಗ ಯಾರೋ ಹೇಳಿದ್ರಂತೆ, ಯಂತ್ರದ ತಲೆ ಮೇಲೆ ಸಣ್ಣ ಕಾರ್ಡ್ ಹಾಕೋ ಸೀಳು ಇದ್ರೆ ವೈರಿನ ಗೋಜೇ ಬೇಡ, ಒಳಗಿರೋದನ್ನೆಲ್ಲ ಕಾರ್ಡಿಗೆ ನಕಲು ಮಾಡೋ ಸಣ್ಣ ಪ್ರೋಗ್ರಾಂ ಇದೆ, ಬರೆದಿಟ್ಟ ಟಿಪ್ಪಣಿಗಳನ್ನ ಆಮೇಲೆ ಯಾವ ಕಂಪ್ಯೂಟರಲ್ಲಿ ಬೇಕಾದ್ರೂ ತೆರೆದು ಅಕ್ಷರ ಓದಬಹುದು ಅಂತ. ಹಾಗೇ ಮಾಡಿದ್ರು, ಬಂತು. ಆ ಮುಯ್ಯಿ ಲೆಕ್ಕ ಪ್ರಿಂಟ್ ತೆಗೆಸಿದಾಗ ಹದಿನಾಲ್ಕು ಹಾಳೆ ಆಯ್ತು. ಹುಳಿಪುಡಿ ಅಳತೆಯ ಕೆಳಗೆ ಅವರು ‘ಮಗಳಿಗೆ ಖಾರ ಕಡಿಮೆ’ ಅಂತ ಒಂದು ಸಾಲು ಬರ್ಕೊಂಡಿದ್ರು. ಅದನ್ನ ಓದಿ ನಮ್ಮ ಓರಗಿತ್ತಿ ಒಂದು ಗಳಿಗೆ ಸುಮ್ಮನೆ ಕೂತುಬಿಟ್ಲು.

ಆ ಪಾಡ್‌ಕಾಸ್ಟನ್ನ ಮಾಡಿದೋರಿಗೆ ಮೈಸೂರಲ್ಲಿ ಒಬ್ಬಳು ಹೆಂಗಸಿಗೆ ಇದು ಬೇಕಾಗುತ್ತೆ ಅಂತ ಗೊತ್ತಿತ್ತಾ? ಅವರಿಗೂ ಮನೇಲಿ ಯಾರು ಕೇಳ್ತಾರೆ ಅಂತ ಅಂದಿರ್ತಾರೆ. ನೂರು ಸಂಚಿಕೇಲಿ ತೊಂಬತ್ತೊಂಬತ್ತು ನಮಗೆ ಬೇಡ. ಬೇಕಾದ ಒಂದು ಯಾವುದು ಅಂತ ಮೊದಲೇ ಗೊತ್ತಾಗಲ್ಲ. ಔಷಧಿ ಡಬ್ಬೀಲಿ ಅಳಲೇಕಾಯಿ ಇಟ್ಕೊಂಡಿರ್ತೀವಲ್ಲ, ಯಾವತ್ತು ಬೇಕು ಅಂತ ಗೊತ್ತಿದ್ದು ಇಟ್ಟಿರ್ತೀವಾ?

ಕಂಪನಿಯವರ ಪುಸ್ತಕದಲ್ಲಿ ಇರೋದನ್ನೇ ಇವರೂ ಹೇಳೋದಲ್ವಾ ಅಂತ ನೀವು ಕೇಳ್ಬಹುದು. ಪುಸ್ತಕದಲ್ಲಿ ಇರೋದು ಯಂತ್ರ ಹೊಸದಾಗಿದ್ದಾಗಿನ ಮಾತು. ಇಪ್ಪತ್ತು ವರ್ಷ ಆದ ಮೇಲೆ ಗುಂಡಿ ಅಂಟಿಕೊಂಡ್ರೆ ಏನು ಮಾಡ್ಬೇಕು, ಗಾಜಿನ ಮೇಲೆ ಬರೆದದ್ದು ಒಂದು ಕಡೆ ಬಿದ್ರೆ ಏನು, ಯಾವ ಬ್ಯಾಟರಿ ಹೊಂದುತ್ತೆ, ಅದೆಲ್ಲ ಬಳಸಿದೋರ ಕೈಲಿ ಮಾತ್ರ ಇರುತ್ತೆ. ಗ್ರೈಂಡರ್ ಜೊತೆ ಬಂದ ಪುಸ್ತಕ ಓದಿ ದೋಸೆ ಹಿಟ್ಟು ರುಬ್ಬಿದೋರು ನಮ್ಮಲ್ಲಿ ಯಾರಿದ್ದೀರಿ ಹೇಳಿ! ಅತ್ತೆ ಹೇಳಿದ್ರು, ಪಕ್ಕದ ಮನೆಯವರು ಹೇಳಿದ್ರು, ನಾವು ಕಲಿತ್ವಿ.

ಸಿಂಪ್ಯೂಟರ್ ವಿಷಯದಲ್ಲೂ ಹೀಗೇ ಒಂದು ಒಳ್ಳೇದು ಉಳೀತು. ಬರೆದದ್ದನ್ನ ಗಟ್ಟಿಯಾಗಿ ಓದಿ ಹೇಳೋಕೆ ಅಂತ ರಮೇಶ್ ಹರಿಹರನ್ ಅವರು ‘ಧ್ವನಿ’ ಅನ್ನೋ ತಂತ್ರಾಂಶ ಮಾಡಿದ್ರು. ಅದನ್ನ ಬೀಗ ಹಾಕಿ ಇಡ್ಲಿಲ್ಲ, ಯಾರು ಬೇಕಾದ್ರೂ ತಗೊಂಡು ಬೆಳೆಸಬಹುದು ಅಂತ ಬಿಟ್ರು. ಯಂತ್ರ ಹೋದ ಮೇಲೂ ಕೇರಳದ ಸಂತೋಷ್ ತೊಟ್ಟಿಂಗಲ್ ಅನ್ನೋರು ಅದನ್ನ ಮುಂದುವರಿಸಿ, ಕನ್ನಡ ಮಲಯಾಳ ಎಲ್ಲ ಸೇರಿ ಹಲವು ಭಾಷೆ ಓದೋ ಹಾಗೆ ಮಾಡಿದ್ರು. ಹಂಚಿಕೊಂಡದ್ದು ಉಳೀತು. ಪಾಡ್‌ಕಾಸ್ಟಿಗೂ ನಾನು ಇದೇ ಲೆಕ್ಕ ಹಾಕೋದು. ಮೂವರ ತಲೇಲಿ ಇರೋದು ಮೂವರ ಜೊತೆಗೇ ಹೋಗೋದು ಬೇಡ.

ಇನ್ನು ಕೇಳೋರು ಕಡಿಮೆ ಅನ್ನೋ ಮಾತು. ಅದನ್ನ ಮೈಸೂರಿನವರು ಆಡಬಾರದು! ಮಹಾರಾಜ ಕಾಲೇಜಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಿಂದಲೇ ರೇಡಿಯೋ ಶುರು ಮಾಡಿದ್ರು. ಆ ಯಂತ್ರದ ಶಕ್ತಿ ಬರೀ 30 ವ್ಯಾಟ್. ನಮ್ಮ ದೇವರಮನೆ ಬಲ್ಬಿನಷ್ಟು. ಆ ಕಾಲದಲ್ಲಿ ಎಷ್ಟು ಮನೇಲಿ ರೇಡಿಯೋ ಇತ್ತು? ಇವರಿಗೇನು ಹುಚ್ಚಾ ಅಂತ ಅವತ್ತೂ ಯಾರಾದ್ರೂ ಅಂದೇ ಇರ್ತಾರೆ. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಆ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಯಾದವಗಿರಿ ಕಡೆ ಹೋದಾಗ ಈಗಿನ ಆಕಾಶವಾಣಿ ಕಟ್ಟಡ ನೋಡಿದ್ರೆ, ಅದಕ್ಕೆ ಹತ್ತಿರದಲ್ಲೇ ಒಂದು ಮನೆ ಕೋಣೇಲಿ ಇದೆಲ್ಲ ಶುರುವಾದದ್ದು ಅಂತ ಮಕ್ಕಳಿಗೆ ತೋರಿಸಿ. ಮಹಡಿ ರೂಮಿನ ಮಾತುಕತೆ ಎಲ್ಲ ಆಕಾಶವಾಣಿ ಆಗುತ್ತೆ ಅಂತ ನಾನು ಹೇಳ್ತಿಲ್ಲ. ಕೇಳೋರ ತಲೆ ಎಣಿಸಿ ಮಾತಿಗೆ ಬೆಲೆ ಕಟ್ಟಬೇಡಿ ಅಂತಷ್ಟೇ.

ಇಷ್ಟು ಅವರ ಪರ ಆಯ್ತು. ಇನ್ನು ನನ್ನ ಷರತ್ತು.

ಒಂದನೇದು, ಕನ್ನಡದಲ್ಲಿ ಮಾತಾಡ್ಬೇಕು. ನಮ್ಮ ಮೈದುನನ ಗುಂಪು ಮೊದಲು ಪೂರ್ತಿ ಇಂಗ್ಲಿಷಲ್ಲೇ ನಡೆಸ್ತಿತ್ತು. ಯಾಕಪ್ಪಾ ಅಂದ್ರೆ ಜಗತ್ತಿಗೆಲ್ಲ ತಲುಪಲಿ ಅತ್ತಿಗೆ ಅಂದ. ಜಗತ್ತಿಗೆ ಹೇಳೋಕೆ ಜಗತ್ತಿನೋರು ಬೇಕಾದಷ್ಟು ಜನ ಇದಾರೆ. ಬಿಇಎಲ್‌ನಲ್ಲಿ ಅದನ್ನ ಜೋಡಿಸಿದ ಕಾರ್ಮಿಕರು, ಹಳ್ಳೀಲಿ ಅದನ್ನ ಹಿಡ್ಕೊಂಡು ಹೊಲ ಸುತ್ತಿದ ನೌಕರರು, ಶಾಲೇಲಿ ಮಕ್ಕಳಿಗೆ ತೋರಿಸಿದ ಮೇಡಂಗಳು, ಅವರೆಲ್ಲ ಮಾತಾಡೋದು ಕನ್ನಡದಲ್ಲಿ. ಅವರಿಗೆಲ್ಲ ಈಗ ವಯಸ್ಸಾಗ್ತಿದೆ, ನಿವೃತ್ತಿ ಆಗ್ತಿದೆ. ಮಾಡಿದೋರ ಮಾತು ಪತ್ರಿಕೇಲಿ ಬಂತು. ಬಳಸಿದೋರ ಮಾತನ್ನ ಈಗಲೇ ಕೂರಿಸಿ ಕೇಳದೇ ಇದ್ರೆ ಇನ್ನು ಹತ್ತು ವರ್ಷಕ್ಕೆ ಕೇಳೋಣ ಅಂದ್ರೂ ಸಿಗಲ್ಲ.

ಎರಡನೇದು, ಬರೀ ‘ನಮ್ಮ ಕಾಲದಲ್ಲಿ ಎಷ್ಟು ಚೆನ್ನಾಗಿತ್ತು’ ಅಂತ ಕೊರಗಬಾರದು. ಅದನ್ನ ಕೇಳಿ ಯಾರಿಗೂ ಏನೂ ಆಗ್ಬೇಕಾಗಿಲ್ಲ. ಪ್ರತಿ ಸಲವೂ ಕೇಳಿದೋರ ಕೈಗೆ ಒಂದು ಕೆಲಸಕ್ಕೆ ಬರೋ ಮಾತು ಸಿಗ್ಬೇಕು. ಯಂತ್ರದ ಹೆಸರು, ವರ್ಷ, ಬ್ಯಾಟರಿ ಯಾವುದು, ಒಳಗಿರೋದನ್ನ ಹೇಗೆ ಹೊರಗೆ ತೆಗೆಯೋದು, ಇಷ್ಟನ್ನ ಸ್ಪಷ್ಟವಾಗಿ ಹೇಳಿ ಆಮೇಲೆ ಬೇಕಾದಷ್ಟು ಹರಟಲಿ. ಹಳೇ ಬ್ಯಾಟರಿ ಉಬ್ಬಿದ್ರೆ ಅದನ್ನ ಚುಚ್ಚಬಾರದು, ಚಾರ್ಜ್‌ಗೆ ಹಾಕಬಾರದು, ಮನೆ ಕಸದ ಜೊತೆ ಹಾಕಬಾರದು ಅನ್ನೋದನ್ನಂತೂ ಪ್ರತಿ ಸಲ ಹೇಳಿದ್ರೂ ತಪ್ಪಿಲ್ಲ. ನಮ್ಮ ಬೀರುಗಳಲ್ಲಿ ರೇಷ್ಮೆ ಸೀರೆ ಪಕ್ಕದಲ್ಲೇ ಅಂಥವು ಎಷ್ಟು ಬಿದ್ದಿವೆಯೋ.

ಮೂರನೇದು, ರೆಕಾರ್ಡ್ ಮಾಡಿದ್ದರ ಮೂಲ ಪ್ರತಿ ಮನೇಲಿರ್ಬೇಕು. ಹೋದ ಕಂಪನಿಗಳ ಕಥೆ ಹೇಳ್ತಾ ಹೇಳ್ತಾ ತಮ್ಮ ಮಾತನ್ನೇ ಇನ್ನೊಂದು ಕಂಪನಿ ಕೈಲಿ ಕೊಟ್ಟು ಕೂರಬಾರದು. ಗೂಗಲ್‌ನವರದ್ದೇ ಒಂದು ಪಾಡ್‌ಕಾಸ್ಟ್ ಆಪ್ ಇತ್ತು, 2024ರಲ್ಲಿ ಮುಚ್ಚಿದ್ರು. ತಮ್ಮ ಧ್ವನಿ ಕಡತಗಳನ್ನ ತಾವೇ ಇಟ್ಕೊಂಡಿದ್ದೋರಿಗೆ ಏನೂ ಆಗ್ಲಿಲ್ಲ, ಬೇರೆ ಕಡೆ ಹೋಗಿ ಹಾಕಿದ್ರು. ಉಪ್ಪಿನಕಾಯಿ ಪಕ್ಕದ ಮನೆಯವರ ಫ್ರಿಜ್ಜಲ್ಲಿ ಇಡಬಹುದು, ಆದ್ರೆ ಒಂದು ಜಾಡಿ ನಮ್ಮ ಅಟ್ಟದ ಮೇಲೂ ಇರ್ಬೇಕು.

ನಾಲ್ಕನೇದು ನಮಗೆ ಸಂಬಂಧಪಟ್ಟದ್ದು. ಅವರು ಮೈಕ್ ಮುಂದೆ ಕೂತ ತಕ್ಷಣ ಇಡೀ ಮನೆ ಉಸಿರು ಬಿಗಿ ಹಿಡ್ಕೋಬೇಕು ಅಂದ್ರೆ ಆಗಲ್ಲ. ಮಿಕ್ಸಿ ಹಾಕ್ಬೇಡಿ, ಕುಕ್ಕರ್ ಇಡ್ಬೇಡಿ, ಪಾತ್ರೆ ಸದ್ದು ಮಾಡ್ಬೇಡಿ ಅನ್ನೋದಾದ್ರೆ, ಆ ಕೆಲಸ ಮುಗಿಸೋಕೆ ಮುಂಚೆ ಬಂದು ಒಂದು ಕೈ ಹಾಕಲಿ. ನಮ್ಮನೇಲಿ ಈಗ ಹಾಗೇ ಆಗಿದೆ. ಊಟದ ಪಾತ್ರೆ ಅವರು ಮೂವರೂ ತೊಳೆದಿಟ್ಟ ಮೇಲೇ ಮಹಡಿ ಬಾಗಿಲು ಹಾಕೋದು. ಆ ಒಂದು ಗಂಟೆ ನಾವೂ ಆರಾಮಾಗಿ ಅಡ್ಡಾಗ್ತೀವಿ. ಯಾರಿಗೂ ಬೇಜಾರಿಲ್ಲ.

ಕೊನೇದಾಗಿ ನಮ್ಮ ಮಾತು. ಗಂಡಸರು ಯಂತ್ರದ ಬಗ್ಗೆ ಗಂಟೆಗಟ್ಟಲೆ ರೆಕಾರ್ಡ್ ಮಾಡಿ ಇಡುವಾಗ, ನಮಗೆ ಗೊತ್ತಿರೋದಕ್ಕೆ ಒಂದು ಗಂಟೆ ಯಾಕೆ ಬೇಡ? ದಸರಾ ಗೊಂಬೆ ಕೂರಿಸೋ ಕ್ರಮ, ಹಸೆ ಹಾಡು, ಸೀಮಂತದಲ್ಲಿ ಯಾವುದಾದ ಮೇಲೆ ಯಾವುದು, ಮಾವಿನಕಾಯಿ ತೊಕ್ಕು ಹುಳಿ ಬಿಡದ ಹಾಗೆ ಇಡೋದು. ಇವನ್ನ ಬಲ್ಲೋರೂ ಹತ್ತೇ ಜನ ಆಗ್ತಿದೀವಿ. ಇದಕ್ಕೆ ದೊಡ್ಡ ಸಾಮಾನೇನೂ ಬೇಡ. ಫೋನಲ್ಲೇ ರೆಕಾರ್ಡ್ ಮಾಡೋದಿದೆ. ಬಟ್ಟೆ ಬೀರು ಇರೋ ರೂಮಿಗೆ ಹೋಗಿ ಬೀರು ಬಾಗಿಲು ತೆಗೆದಿಡಿ, ಸೀರೆಗಳು ಪ್ರತಿಧ್ವನಿ ಹೀರ್ಕೊಳ್ತವೆ. ಫ್ಯಾನ್ ಆರಿಸಿ. ಫೋನನ್ನ ಮಡಿಚಿದ ಟವಲ್ ಮೇಲೆ ಬಾಯಿಂದ ಒಂದು ಗೇಣು ದೂರ ಇಡಿ. ಮೊದಲು ತಾರೀಖು, ಮಾತಾಡೋರ ಹೆಸರು, ಊರು ಹೇಳಿ. ಆಮೇಲೆ ಅಮ್ಮನ ಹತ್ರಾನೋ ಅತ್ತೆ ಹತ್ರಾನೋ ‘ನಿಮ್ಮ ಮನೇಲಿ ಹೇಗೆ ಮಾಡ್ತಿದ್ರಿ’ ಅಂತ ಕೇಳಿ ಸುಮ್ಮನೆ ಕೂತ್ಕೊಳ್ಳಿ. ಮಧ್ಯೆ ಬಾಯಿ ಹಾಕ್ಬೇಡಿ.

ಈ ವಾರ ಅಟ್ಟ, ಬೀರು, ಮಂಚದ ಕೆಳಗಿನ ಪೆಟ್ಟಿಗೆ ಒಂದು ಸಲ ನೋಡಿ. ಹಳೇ ಫೋನೋ, ಹಳೇ ಅಂಗೈ ಕಂಪ್ಯೂಟರೋ ಸಿಕ್ಕಿದ್ರೆ ಗುಜರಿಗೆ ಹಾಕೋಕ್ಕೆ ಮುಂಚೆ ಒಳಗೆ ಏನಿದೆ ಅಂತ ವಿಚಾರಿಸಿ. ನಿಮ್ಮ ಮನೇಲೂ ಇಂಥ ಹುಚ್ಚಿನೋರು ಒಬ್ಬರಿದ್ರೆ, ಬೈಯೋ ಬದಲು ಆ ಯಂತ್ರ ಅವರ ಕೈಗೆ ಕೊಟ್ಟು ನೋಡಿ. ಪಾತ್ರೆ ತೊಳೆದ ಮೇಲೆ ಅಂತ ಹೇಳೋದು ಮಾತ್ರ ಮರೀಬೇಡಿ.